ಒಡೆತನದ ಎರಡು ಪಾಲು

ಕಂಪನಿಯೊಂದರ ಷೇರು ಯಾರ ಕೈಯಲ್ಲಿದೆಯೋ ಅವರಿಗೆ ಎರಡು ಬೇರೆ ಬೇರೆ ಹಕ್ಕುಗಳಿರುತ್ತವೆ: ಲಾಭಾಂಶವನ್ನೂ ಷೇರು ಮಾರಿದಾಗ ಬರುವ ಹಣವನ್ನೂ ಪಡೆಯುವ ಹಕ್ಕು ಒಂದಾದರೆ, ಷೇರುದಾರರ ಸಭೆಯಲ್ಲಿ ಮತ ಹಾಕಿ ನಿರ್ದೇಶಕ ಮಂಡಳಿಯಲ್ಲಿ ಯಾರಿರಬೇಕು, ಕಂಪನಿ ಯಾವ ದಾರಿ ಹಿಡಿಯಬೇಕು ಎಂಬುದನ್ನು ತೀರ್ಮಾನಿಸುವ ಹಕ್ಕು ಇನ್ನೊಂದು. ಸಾಮಾನ್ಯವಾಗಿ ಇವೆರಡೂ ಒಬ್ಬರಲ್ಲೇ ಕೂಡಿರುವುದರಿಂದ ಅವು ಎರಡೆಂಬುದು ಯಾರ ಗಮನಕ್ಕೂ ಬರುವುದಿಲ್ಲ. 2019ರ ಮಾರ್ಚ್ ತಿಂಗಳಲ್ಲಿ ಬೆಂಗಳೂರಿನಿಂದ ಹೊರಟ ಒಂದು ಪ್ರಕಟಣೆಯು ಇವನ್ನು ಬಿಡಿಸಿ ತೋರಿಸಿತು. ವಿಪ್ರೊ ಕಂಪನಿಯ ಅಧ್ಯಕ್ಷರಾಗಿದ್ದ ಅಜೀಂ ಪ್ರೇಮ್‌ಜಿ ಅವರು ತಮ್ಮ ಅಧೀನದ ಸಂಸ್ಥೆಗಳ ಹೆಸರಿನಲ್ಲಿದ್ದ ಶೇ. 34ರಷ್ಟು ಷೇರುಗಳ ಆರ್ಥಿಕ ಫಲವನ್ನು, ಅಂದರೆ ಅಂದಿನ ಬೆಲೆಯಲ್ಲಿ ಸುಮಾರು 52,750 ಕೋಟಿ ರೂಪಾಯಿಯನ್ನು, ಮತ್ತೆ ಹಿಂತೆಗೆದುಕೊಳ್ಳಲಾಗದಂತೆ ದತ್ತಿಗೆ ಬಿಟ್ಟುಕೊಟ್ಟರು. ಅದಕ್ಕೂ ಹಿಂದೆ ಹಂತ ಹಂತವಾಗಿ ಕೊಟ್ಟದ್ದೂ ಸೇರಿ, ವಿಪ್ರೊದ ಆರ್ಥಿಕ ಒಡೆತನದಲ್ಲಿ ಶೇ. 67ರಷ್ಟು ಪಾಲು ಅಜೀಂ ಪ್ರೇಮ್‌ಜಿ ಫೌಂಡೇಶನ್ನಿನ ಕೆಲಸಕ್ಕೆ ಮೀಸಲಾಗಿ, ದತ್ತಿಯ ಒಟ್ಟು ಮೌಲ್ಯ ಸುಮಾರು 1,45,000 ಕೋಟಿ ರೂಪಾಯಿಗೆ ಮುಟ್ಟಿತು. ಮತದ ಹಕ್ಕು ಮಾತ್ರ ಹಿಂದಿನಂತೆ ಪ್ರವರ್ತಕರ ಕೈಯಲ್ಲೇ ಉಳಿಯಿತು. ಹಣ ಸಾರ್ವಜನಿಕ ಕಾರ್ಯಕ್ಕೆ, ಹತೋಟಿ ತಮ್ಮಲ್ಲೇ ಎಂಬ ಈ ಹಂಚಿಕೆಯನ್ನು ಗಮನದಲ್ಲಿಟ್ಟುಕೊಂಡರೆ ಪ್ರೇಮ್‌ಜಿಯವರ ಉದ್ಯಮ, ಶಿಕ್ಷಣ ಕಾರ್ಯ ಮತ್ತು ಪತ್ರಿಕೋದ್ಯಮಕ್ಕೆ ಅವರು ನೀಡಿರುವ ಬೆಂಬಲ ಮೂರೂ ಒಂದೇ ಸ್ವಭಾವದಿಂದ ಹೊರಟವು ಎಂಬುದು ಗೊತ್ತಾಗುತ್ತದೆ.

ವಿಪ್ರೊ ಎಂದರೆ ಬೆಂಗಳೂರಿನ ಸಾಫ್ಟ್‌ವೇರ್ ಎಂದು ನಂಬಿದವರಿಗೆ ಅದರ ಹುಟ್ಟೂರು ಮಹಾರಾಷ್ಟ್ರದ ಜಳಗಾಂವ್ ಜಿಲ್ಲೆಯ ಅಮಳನೇರ್ ಎಂಬುದು ಸೋಜಿಗವೆನಿಸಬಹುದು. ನಾಗಪುರದಿಂದ ಮುಂಬಯಿಯ ಕಡೆಗೆ ಹೊರಟ ರೈಲು ಭುಸಾವಳ ದಾಟಿ ಜಳಗಾಂವ್ ತಲುಪಿದ ಮೇಲೆ ಅಲ್ಲಿಂದ ಸೂರತ್ತಿನತ್ತ ಕವಲೊಡೆಯುವ ಮಾರ್ಗದಲ್ಲಿ ಈ ಊರು ಸಿಗುತ್ತದೆ. ಸಾನೆ ಗುರೂಜಿಯವರು ಮೇಷ್ಟರಾಗಿದ್ದ ಶಾಲೆಯೂ ಪ್ರತಾಪ ಶೇಠರ ಬಟ್ಟೆ ಗಿರಣಿ ಮತ್ತು ತತ್ತ್ವಜ್ಞಾನ ಮಂದಿರವೂ ಇದ್ದ ಖಾನದೇಶದ ಈ ಪೇಟೆಯ ಸುತ್ತ ಶೇಂಗಾ ಹೇರಳವಾಗಿ ಬೆಳೆಯುತ್ತಿತ್ತು. ಬರ್ಮಾದ ಅಕ್ಕಿ ವ್ಯಾಪಾರದಲ್ಲಿ ಹೆಸರು ಮಾಡಿದ್ದ ಮನೆತನದ ಮೊಹಮ್ಮದ್ ಹಾಶಮ್ ಪ್ರೇಮ್‌ಜಿ ಅವರು, ಯುದ್ಧಕಾಲದ ಸರ್ಕಾರಿ ನಿಯಂತ್ರಣದಿಂದ ಅಕ್ಕಿಯ ವಹಿವಾಟು ಕಷ್ಟವಾದಾಗ, 1945ರ ಡಿಸೆಂಬರ್ 29ರಂದು ವೆಸ್ಟರ್ನ್ ಇಂಡಿಯಾ ವೆಜಿಟಬಲ್ ಪ್ರಾಡಕ್ಟ್ಸ್ ಎಂಬ ಕಂಪನಿಯನ್ನು ಸ್ಥಾಪಿಸಿ ಅಮಳನೇರಿನಲ್ಲಿ ವನಸ್ಪತಿ ಕಾರ್ಖಾನೆ ತೆರೆದರು. ವನಸ್ಪತಿ ಎಂದರೆ ಖಾದ್ಯತೈಲಕ್ಕೆ ಜಲಜನಕವನ್ನು ಕೂಡಿಸಿ ಗಟ್ಟಿಗೊಳಿಸಿ, ತುಪ್ಪದ ಬದಲಿಗೆ ಬಳಸಬಹುದಾದಂತೆ ಮಾಡಿದ ಪದಾರ್ಥ; ಮನೆಯ ಹೋಳಿಗೆಗೂ ಹೋಟೆಲಿನ ಮೈಸೂರುಪಾಕಿಗೂ ಒಂದು ಕಾಲದಲ್ಲಿ ಅದೇ ಆಧಾರವಾಗಿತ್ತು. ಕಂಪನಿ ಮುಂದೆ ಬಟ್ಟೆ ಒಗೆಯುವ ಸಾಬೂನನ್ನೂ ತಯಾರಿಸಿತು. ಷೇರುಗಳಲ್ಲಿ ಒಂದಿಷ್ಟು ಊರಿನವರ ಪಾಲಾದವು. ಅವನ್ನು ಮಾರದೆ ಪೆಟ್ಟಿಗೆಯಲ್ಲಿ ಇಟ್ಟುಕೊಂಡ ಕುಟುಂಬಗಳು ಅರ್ಧ ಶತಮಾನದ ನಂತರ ಕೋಟ್ಯಧಿಪತಿಗಳಾದದ್ದರಿಂದ ಅಮಳನೇರಿಗೆ ದೇಶದ ಷೇರುಪೇಟೆಯ ಇತಿಹಾಸದಲ್ಲಿ ಒಂದು ವಿಶಿಷ್ಟ ಸ್ಥಾನ ದೊರೆತಿದೆ.

ಕಂಪನಿ ಹುಟ್ಟಿದ ವರ್ಷವೇ, ಜುಲೈ 24ರಂದು ಮುಂಬಯಿಯಲ್ಲಿ ಹುಟ್ಟಿದ ಅಜೀಂ ಪ್ರೇಮ್‌ಜಿ, ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ವಿದ್ಯುತ್ ಎಂಜಿನಿಯರಿಂಗ್ ಓದುತ್ತಿದ್ದಾಗ, 1966ರ ಆಗಸ್ಟ್‌ನಲ್ಲಿ ತಂದೆ ಹಾಶಮ್ ಪ್ರೇಮ್‌ಜಿ ತೀರಿಕೊಂಡರು. ಓದನ್ನು ಅರ್ಧಕ್ಕೆ ಬಿಟ್ಟು ಬಂದ ಇಪ್ಪತ್ತೊಂದರ ಯುವಕನಿಗೆ ಮೊದಲ ವಾರ್ಷಿಕ ಸಭೆಯಲ್ಲೇ ಒಬ್ಬ ಷೇರುದಾರರು, ನಿಮ್ಮಿಂದ ಇದು ಆಗುವ ಕೆಲಸವಲ್ಲ, ಅನುಭವಸ್ಥರಿಗೆ ಮಾರಿಬಿಡಿ ಎಂಬರ್ಥದ ಸಲಹೆ ಕೊಟ್ಟರೆಂಬುದು ವಿಪ್ರೊದ ಚರಿತ್ರೆ ಬರೆದವರೆಲ್ಲ ಹೇಳುವ ಸಂಗತಿ. ಆಗ ಕಂಪನಿಯ ವಾರ್ಷಿಕ ವಹಿವಾಟು ಸುಮಾರು 7 ಕೋಟಿ ರೂಪಾಯಿ. ಇತ್ತೀಚಿನ ವರ್ಷಗಳಲ್ಲಿ ಅದು 90,000 ಕೋಟಿಯ ಆಸುಪಾಸಿನಲ್ಲಿದೆ. ಬಿಟ್ಟುಹೋದ ಪದವಿಯನ್ನು ಅವರು ಮೂರು ದಶಕಗಳ ನಂತರ ದೂರಶಿಕ್ಷಣದ ಮೂಲಕ ಪೂರೈಸಿಕೊಂಡರು.

ಎಣ್ಣೆಯ ಕಂಪನಿ ಕಂಪ್ಯೂಟರಿಗೆ ಬಂದದ್ದು ದೂರದೃಷ್ಟಿಯಿಂದ ಎಂದು ಹೊಗಳುವುದು ರೂಢಿಯಾಗಿದ್ದರೂ, ಅದರ ಹಿಂದೆ ಸರ್ಕಾರದ ಒಂದು ಕಾನೂನು ಇದ್ದುದನ್ನು ಮರೆಯಬಾರದು. 1973ರ ವಿದೇಶಿ ವಿನಿಮಯ ನಿಯಂತ್ರಣ ಕಾಯ್ದೆಯು, ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಭಾರತದಲ್ಲಿ ವ್ಯವಹಾರ ನಡೆಸುವ ವಿದೇಶಿ ಕಂಪನಿಗಳು ತಮ್ಮ ಒಡೆತನವನ್ನು ಶೇ. 40ಕ್ಕೆ ಇಳಿಸಿಕೊಂಡು ಉಳಿದುದನ್ನು ಭಾರತೀಯರಿಗೆ ಕೊಡಬೇಕೆಂದು ವಿಧಿಸಿತ್ತು. ಜಾರ್ಜ್ ಫರ್ನಾಂಡಿಸ್ ಅವರು ಜನತಾ ಸರ್ಕಾರದ ಕೈಗಾರಿಕಾ ಸಚಿವರಾಗಿದ್ದಾಗ ಇದನ್ನು ಬಿಗಿಯಾಗಿ ಜಾರಿಗೆ ತರಲು ಹೊರಟರು. ಪಾಲು ಬಿಟ್ಟುಕೊಡಲು ಒಪ್ಪದ ಐಬಿಎಂ 1978ರಲ್ಲಿ ದೇಶ ತೊರೆಯಿತು. ಬ್ಯಾಂಕು, ಕಾರ್ಖಾನೆ, ಸಂಶೋಧನಾಲಯಗಳಿಗೆ ಕಂಪ್ಯೂಟರ್ ಬೇಕಿತ್ತು, ಕೊಡುವವರು ಇರಲಿಲ್ಲ. ಆ ಬಯಲಿನಲ್ಲಿ ಬೇರೂರಿದ ದೇಶೀ ಕಂಪನಿಗಳಲ್ಲಿ ವಿಪ್ರೊ ಒಂದು. ಬೆಂಗಳೂರಿನ ಪೀಣ್ಯದಲ್ಲಿ ಅದಾಗಲೇ ದ್ರವದ ಒತ್ತಡದಿಂದ ನಡೆಯುವ ಯಂತ್ರಗಳಿಗೆ ಬೇಕಾದ ಸಿಲಿಂಡರುಗಳನ್ನು ತಯಾರಿಸುತ್ತಿದ್ದ ಈ ಸಂಸ್ಥೆ, ಶ್ರೀಧರ್ ಮಿಟ್ಟ ಅವರಂಥ ಎಂಜಿನಿಯರುಗಳನ್ನು ಸೇರಿಸಿಕೊಂಡು 1980ರ ದಶಕದ ಆರಂಭದಲ್ಲಿ ಇಂಟೆಲ್‌ನ 8086 ಸಂಸ್ಕಾರಕವನ್ನು ಆಧರಿಸಿದ ಮಿನಿಕಂಪ್ಯೂಟರನ್ನು ಹೊರತಂದಿತು. ಮಿನಿಕಂಪ್ಯೂಟರ್ ಎಂದರೆ ಕೋಣೆ ತುಂಬುವ ಬೃಹತ್ ಯಂತ್ರಕ್ಕೂ ಇಂದಿನ ಮೇಜಿನ ಮೇಲಿನ ಕಂಪ್ಯೂಟರಿಗೂ ನಡುವಿನ ಗಾತ್ರದ, ಹಲವರು ಏಕಕಾಲಕ್ಕೆ ಬಳಸಬಹುದಾದ ಯಂತ್ರ.

1991ರ ಉದಾರೀಕರಣದ ತರುವಾಯ ಆಮದು ಸುಂಕ ಇಳಿದು ವಿದೇಶಿ ಕಂಪ್ಯೂಟರುಗಳು ಅಗ್ಗವಾಗಿ ಬರತೊಡಗಿದಾಗ, ಅದುವರೆಗೆ ದೇಶೀ ತಯಾರಕರನ್ನು ಕಾಪಾಡಿದ್ದ ಗೋಡೆ ಬಿದ್ದುಹೋಯಿತು. ಯಂತ್ರ ವಿನ್ಯಾಸದಲ್ಲಿ ಪಳಗಿದ ಎಂಜಿನಿಯರುಗಳಿಗೆ ಕೆಲಸವಿಲ್ಲದಂತಾಗುವ ಹೊತ್ತಿನಲ್ಲಿ ವಿಪ್ರೊ ಅವರ ಕೌಶಲವನ್ನೇ ವಿದೇಶಿ ಕಂಪನಿಗಳಿಗೆ ಬಾಡಿಗೆಗೆ ಕೊಡುವ, ಅಂದರೆ ಅವರ ಸಂಶೋಧನೆ ಮತ್ತು ವಿನ್ಯಾಸದ ಕೆಲಸವನ್ನು ಇಲ್ಲಿಂದ ಮಾಡಿಕೊಡುವ ವ್ಯವಹಾರ ಕಟ್ಟಿತು. 2000ದ ಇಸವಿಯ ದೋಷದ ಭಯ, ಅಂದರೆ ವರ್ಷವನ್ನು ಎರಡೇ ಅಂಕಿಗಳಲ್ಲಿ ಬರೆದಿಟ್ಟ ಹಳೆಯ ತಂತ್ರಾಂಶಗಳು ಶತಮಾನ ತಿರುಗಿದಾಗ ತಪ್ಪು ಲೆಕ್ಕ ಹಾಕುತ್ತವೆಂಬ ಆತಂಕ, ಭಾರತದ ಎಲ್ಲ ಸಾಫ್ಟ್‌ವೇರ್ ಕಂಪನಿಗಳಿಗೂ ಬಾಗಿಲು ತೆರೆಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ ವಿಪ್ರೊ ನ್ಯೂಯಾರ್ಕ್ ಷೇರು ವಿನಿಮಯ ಕೇಂದ್ರದಲ್ಲಿ ನೋಂದಾಯಿತವಾಯಿತು. ಷೇರುಗಳ ಬಹುಪಾಲನ್ನು ಹೊರಗಿನವರಿಗೆ ಹಂಚದೆ ಇಟ್ಟುಕೊಂಡಿದ್ದರಿಂದ ಪ್ರೇಮ್‌ಜಿಯವರು ಜಗತ್ತಿನ ಅತಿ ಶ್ರೀಮಂತರ ಪಟ್ಟಿಯಲ್ಲಿ ಕಾಣಿಸಿಕೊಂಡರು. ಷೇರುಗಳನ್ನು ಸಿಬ್ಬಂದಿಗೂ ಸಹಸ್ಥಾಪಕರಿಗೂ ಹಂಚಿ ಬೆಳೆದ ಇನ್ಫೋಸಿಸ್‌ಗೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ ಇದೇ. ಮುಂದೆ ಕೊಡುವುದಕ್ಕೆ ಅಷ್ಟೊಂದು ಸಂಪತ್ತು ಒಬ್ಬರ ಕೈಯಲ್ಲಿ ಉಳಿದದ್ದಕ್ಕೆ ಕಾರಣ, ಮೊದಲು ಹಂಚದೇ ಇದ್ದುದು ಎಂಬ ಮಾತನ್ನು ಕಟುವೆನಿಸಿದರೂ ಹೇಳಬೇಕಾಗುತ್ತದೆ.

ಕೊಡುವ ಬುದ್ಧಿಗೆ ಮೂಲ ಯಾವುದೆಂದು ಕೇಳಿದಾಗ ಪ್ರೇಮ್‌ಜಿಯವರು ಇಬ್ಬರನ್ನು ಹೆಸರಿಸುತ್ತ ಬಂದಿದ್ದಾರೆ. ಒಬ್ಬರು ತಾಯಿ ಗುಲ್‌ಬಾನು. ವೈದ್ಯಕೀಯ ಪದವೀಧರೆಯಾಗಿದ್ದ ಅವರು ಸ್ವಂತ ವೃತ್ತಿ ನಡೆಸದೆ, ಪೋಲಿಯೊ ಮತ್ತು ಮಿದುಳಿನ ಪಾರ್ಶ್ವವಾಯುವಿನಿಂದ ಅಂಗವಿಕಲರಾದ ಮಕ್ಕಳಿಗಾಗಿ ಮುಂಬಯಿಯಲ್ಲಿ ಧರ್ಮಾರ್ಥ ಆಸ್ಪತ್ರೆ ಕಟ್ಟುವುದರಲ್ಲಿ ದಶಕಗಳನ್ನು ಕಳೆದರು. ಇನ್ನೊಬ್ಬರು ಗಾಂಧೀಜಿ, ವಿಶೇಷವಾಗಿ ಅವರ ಧರ್ಮದರ್ಶಿತ್ವದ ಕಲ್ಪನೆ. ಸಂಪತ್ತು ಗಳಿಸುವ ಸಾಮರ್ಥ್ಯ ಕೆಲವರಿಗೆ ಹೆಚ್ಚಾಗಿರುವುದು ಸಹಜವೆಂದು ಒಪ್ಪಿ, ಹಾಗೆ ಗಳಿಸಿದುದರಲ್ಲಿ ತನ್ನ ಅಗತ್ಯಕ್ಕೆ ಮೀರಿದ್ದಕ್ಕೆ ತಾನು ಮಾಲೀಕನಲ್ಲ, ಸಮಾಜದ ಪರವಾಗಿ ಕಾಯುವ ಟ್ರಸ್ಟಿ ಮಾತ್ರ ಎಂದು ನಡೆದುಕೊಳ್ಳಬೇಕೆಂಬುದು ಅದರ ತಿರುಳು. ಗಾಂಧೀಜಿಯ ಸಹಚರರಾದ ಕಿಶೋರಲಾಲ್ ಮಶ್ರೂವಾಲಾ ಮತ್ತು ನರಹರಿ ಪಾರೀಖ್ ಅವರು ಇದಕ್ಕೊಂದು ಕರಡು ಸೂತ್ರ ಸಿದ್ಧಪಡಿಸಿ, ಗಾಂಧೀಜಿ ಅದನ್ನು ತಿದ್ದಿಕೊಟ್ಟಿದ್ದರು. ಅದರಲ್ಲಿ ಸಂಪತ್ತಿನ ಒಡೆತನ ಮತ್ತು ಬಳಕೆಯನ್ನು ಕಾನೂನಿನ ಮೂಲಕ ನಿಯಂತ್ರಿಸುವುದಕ್ಕೂ ಅವಕಾಶವಿತ್ತು ಎಂಬುದನ್ನು, ಗಾಂಧೀಜಿಯ ಹೆಸರು ಹೇಳುವ ಉದ್ಯಮಿಗಳು ಸಾಮಾನ್ಯವಾಗಿ ನೆನಪಿಸಿಕೊಳ್ಳುವುದಿಲ್ಲ.

ಈ ಕಲ್ಪನೆಯನ್ನು ಬಿತ್ತಿ ನೋಡಿದ ನೆಲ ನಾಗಪುರಕ್ಕೆ ದೂರವೇನಲ್ಲ. ಅಲ್ಲಿಂದ ವರ್ಧಾ ರಸ್ತೆಯಲ್ಲಿ ಸುಮಾರು 75 ಕಿಲೋಮೀಟರ್ ಹೋದರೆ ಸೇವಾಗ್ರಾಮ ಸಿಗುತ್ತದೆ. 1936ರಲ್ಲಿ ಗಾಂಧೀಜಿ ಬಂದು ನೆಲೆಸಿದಾಗ ಸೇಗಾಂವ್ ಎಂದು ಕರೆಸಿಕೊಳ್ಳುತ್ತಿದ್ದ ಆ ಹಳ್ಳಿಯಲ್ಲಿ ಜಾಗ ಒದಗಿಸಿದವರು ವರ್ಧಾದ ಹತ್ತಿ ವ್ಯಾಪಾರಿ ಜಮ್ನಾಲಾಲ್ ಬಜಾಜ್. 1920ರ ನಾಗಪುರ ಕಾಂಗ್ರೆಸ್ ಅಧಿವೇಶನದ ಸ್ವಾಗತ ಸಮಿತಿಯ ಅಧ್ಯಕ್ಷರಾಗಿದ್ದ ಬಜಾಜರು ಗಾಂಧೀಜಿಯ ಕಣ್ಣಿಗೆ ಧರ್ಮದರ್ಶಿತ್ವದ ಆದರ್ಶಕ್ಕೆ ಅತಿ ಹತ್ತಿರ ಬಂದ ಶ್ರೀಮಂತರಾಗಿದ್ದರು. ಖಾದಿ, ಹರಿಜನ ಸೇವೆ, ಹಿಂದಿ ಪ್ರಚಾರಗಳಿಗೆ ಕೊಟ್ಟಂತೆ ಅವರು ಪತ್ರಿಕೆಗೂ ಕೊಟ್ಟರು. ರಾಜಸ್ಥಾನದ ಸಂಸ್ಥಾನಗಳ ರೈತರ ಗೋಳನ್ನು ಬರೆಯುತ್ತಿದ್ದ 'ರಾಜಸ್ಥಾನ್ ಕೇಸರಿ' ಎಂಬ ವಾರಪತ್ರಿಕೆ ವಿಜಯ್ ಸಿಂಗ್ ಪಥಿಕರ ಸಂಪಾದಕತ್ವದಲ್ಲಿ ವರ್ಧಾದಿಂದ ಹೊರಟದ್ದು ಬಜಾಜರ ಬೆಂಬಲದಿಂದಲೇ. ಉದ್ಯಮಿಯ ಹಣ, ಬೇರೊಬ್ಬರ ಸಂಪಾದಕತ್ವ, ಆಳುವವರಿಗೆ ಹಿತವಲ್ಲದ ಸುದ್ದಿ ಎಂಬ ಮೂರರ ಕೂಟ ನೂರು ವರ್ಷದ ಹಿಂದೆಯೇ ವಿದರ್ಭದಲ್ಲಿ ಇತ್ತು.

ಪ್ರೇಮ್‌ಜಿಯವರ ದತ್ತಿಯ ಬಹುಪಾಲು ಹೋಗುವುದು ಶಿಕ್ಷಣಕ್ಕೆ. 2001ರಲ್ಲಿ ಫೌಂಡೇಶನ್ ಕೆಲಸ ಆರಂಭಿಸಿದಾಗ ಅದನ್ನು ಕಟ್ಟುವ ಹೊಣೆ ಹೊತ್ತವರು ವಿಪ್ರೊದ ಮಾನವ ಸಂಪನ್ಮೂಲ ವಿಭಾಗದಿಂದ ಬಂದ ದಿಲೀಪ್ ರಾಂಜೇಕರ್. ತಮ್ಮ ಹೆಸರಿನ ಶಾಲೆಗಳ ಸರಣಿಯೊಂದನ್ನು ತೆರೆದು ಬಡ ಮಕ್ಕಳನ್ನು ಆರಿಸಿ ಓದಿಸುವುದು ಶ್ರೀಮಂತರಿಗೆ ಸುಲಭವಾದ ಮತ್ತು ಫಲ ಕಣ್ಣಿಗೆ ಕಾಣುವ ದಾರಿ. ಫೌಂಡೇಶನ್ ಅದನ್ನು ಬಿಟ್ಟು ಸರ್ಕಾರಿ ಶಾಲೆಗಳ ಜೊತೆಗೇ ಕೆಲಸ ಮಾಡಲು ನಿರ್ಧರಿಸಿತು. ಬಡವರ ಮಕ್ಕಳಲ್ಲಿ ಹೆಚ್ಚಿನವರು ಓದುವುದು ಅಲ್ಲೇ ಆದ್ದರಿಂದ ಅಲ್ಲಿ ಆಗದ ಸುಧಾರಣೆ ದೇಶದಲ್ಲಿ ಆಗದ ಸುಧಾರಣೆ ಎಂಬುದು ಅದರ ತರ್ಕ.

ಆದರೆ ಮೊದಲ ಹೆಜ್ಜೆ ಎಡವಿತು, ಮತ್ತು ಆ ಎಡವುವಿಕೆಯೇ ಈ ಕಥೆಯಲ್ಲಿ ಹೆಚ್ಚು ಗೌರವ ಹುಟ್ಟಿಸುವ ಭಾಗ. ತಂತ್ರಜ್ಞಾನದಿಂದ ಹಣ ಗಳಿಸಿದವರು ಶಿಕ್ಷಣದ ಸಮಸ್ಯೆಗೂ ತಂತ್ರಜ್ಞಾನವೇ ಮದ್ದು ಎಂದು ಭಾವಿಸುವುದು ಸಹಜ. ಶಾಲೆಗಳಲ್ಲಿ ಕಂಪ್ಯೂಟರ್ ಇರಿಸಿ, ಕನ್ನಡವೂ ಸೇರಿ ಹಲವು ಭಾರತೀಯ ಭಾಷೆಗಳಲ್ಲಿ ಪಠ್ಯವನ್ನು ಆಟದ ರೂಪದಲ್ಲಿ ಕಲಿಸುವ ನೂರಕ್ಕೂ ಹೆಚ್ಚು ಸಿಡಿಗಳನ್ನು ಫೌಂಡೇಶನ್ ತಯಾರಿಸಿತು. ಮಕ್ಕಳಿಗೆ ಅದು ಹಿಡಿಸಿತು, ಹಾಜರಾತಿಗೂ ಉತ್ಸಾಹ ಬಂತು, ಆದರೆ ಕಲಿಕೆಯಲ್ಲಿ ನಿರೀಕ್ಷಿಸಿದ ಬದಲಾವಣೆ ಕಾಣಲಿಲ್ಲ. ಕರೆಂಟು ಹೋದರೆ, ಯಂತ್ರ ಕೆಟ್ಟರೆ, ಮೇಷ್ಟರಿಗೇ ಅದರಲ್ಲಿ ಆಸಕ್ತಿ ಇಲ್ಲದಿದ್ದರೆ ಎಲ್ಲವೂ ನಿಂತುಹೋಗುತ್ತಿತ್ತು. ಕೆಲವು ವರ್ಷಗಳಲ್ಲಿ ಆ ಕಾರ್ಯಕ್ರಮವನ್ನು ಕೈಬಿಟ್ಟದ್ದಲ್ಲದೆ, ಫೌಂಡೇಶನ್ನಿನ ಮುಖ್ಯಸ್ಥರಲ್ಲೊಬ್ಬರಾದ ಅನುರಾಗ್ ಬೆಹರ್ ಅವರು ಶಿಕ್ಷಣದಲ್ಲಿ ಕಂಪ್ಯೂಟರಿನ ಮಿತಿಗಳನ್ನು ಕುರಿತು 2010ರಲ್ಲಿ ಪತ್ರಿಕೆಯಲ್ಲಿ ಬಹಿರಂಗವಾಗಿ ಬರೆದರು. ಕಂಪ್ಯೂಟರ್ ಮಾರಿ ಬೆಳೆದ ಮನೆಯಿಂದಲೇ ಈ ಮಾತು ಬಂದರೂ, ಆ ದಶಕದುದ್ದಕ್ಕೂ ಸರ್ಕಾರಗಳು ಟ್ಯಾಬ್ಲೆಟ್, ಸ್ಮಾರ್ಟ್ ಬೋರ್ಡುಗಳ ಹಿಂದೆ ಓಡುವುದನ್ನು ನಿಲ್ಲಿಸಲಿಲ್ಲ.

ಈಶಾನ್ಯ ಕರ್ನಾಟಕದ ಜಿಲ್ಲೆಗಳಲ್ಲಿ ನಡೆಸಿದ ಇನ್ನೊಂದು ಪ್ರಯೋಗ, ಅಂದರೆ ಮಕ್ಕಳ ಕಲಿಕೆಯನ್ನು ಅಳೆದು ನಿಗದಿತ ಮಟ್ಟ ಮುಟ್ಟಿದ ಶಾಲೆಗಳಿಗೆ ಬಹುಮಾನ ಕೊಡುವ 'ಕಲಿಕಾ ಖಾತರಿ' ಯೋಜನೆ, ಪರೀಕ್ಷೆಯ ಸ್ವರೂಪವೇ ಬದಲಾಗಬೇಕೆಂಬುದನ್ನು ತೋರಿಸಿಕೊಟ್ಟಿತು. ಕಂಠಪಾಠವನ್ನಲ್ಲ, ಅರ್ಥವಾದದ್ದನ್ನು ಅಳೆಯಬೇಕಾದರೆ ಮೇಷ್ಟರೇ ಬೇರೆ ರೀತಿ ಯೋಚಿಸಬೇಕು. ಹೀಗೆ ಸುತ್ತಿ ಬಂದು ಫೌಂಡೇಶನ್ ನಿಂತದ್ದು ಶಿಕ್ಷಕರ ಬಳಿ: ಯಾದಗಿರಿ, ಕಲಬುರಗಿಯಂಥ ಜಿಲ್ಲೆಗಳಲ್ಲಿ ತನ್ನ ಸಿಬ್ಬಂದಿಯನ್ನು ವರ್ಷಗಟ್ಟಲೆ ನೆಲೆಗೊಳಿಸಿ, ಶಿಕ್ಷಕರು ಶಾಲೆ ಮುಗಿದ ಮೇಲೆ ಬಂದು ಕೂತು ಗಣಿತವನ್ನೋ ಕನ್ನಡವನ್ನೋ ಕಲಿಸುವ ಕಷ್ಟಗಳನ್ನು ಚರ್ಚಿಸುವ ಕಲಿಕಾ ಕೇಂದ್ರಗಳನ್ನು ನಡೆಸುವುದು ಅದರ ಮುಖ್ಯ ಕೆಲಸವಾಯಿತು. ಇದು ನಿಧಾನದ ಕೆಲಸ, ಉದ್ಘಾಟನಾ ಫಲಕಕ್ಕೆ ಒದಗುವಂಥದ್ದಲ್ಲ. ಇಂಥ ಕೆಲಸಕ್ಕೆ ಬೇಕಾದ ಜನರನ್ನು ತಯಾರಿಸಲೆಂದೇ, ಕರ್ನಾಟಕ ವಿಧಾನಮಂಡಲದ 2010ರ ಕಾಯ್ದೆಯ ಮೂಲಕ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ ಸ್ಥಾಪನೆಯಾಯಿತು. ಮೊದಲು ಹೊಸೂರು ರಸ್ತೆಯ ಬಳಿ ಬಾಡಿಗೆಯ ಕಟ್ಟಡದಲ್ಲಿದ್ದು ನಂತರ ಸರ್ಜಾಪುರದ ಸ್ವಂತ ಆವರಣಕ್ಕೆ ಹೋದ ಈ ವಿಶ್ವವಿದ್ಯಾಲಯ, ದೇಶದ ಉದ್ಯೋಗ ಪರಿಸ್ಥಿತಿಯ ಬಗ್ಗೆ 2018ರಿಂದ ಹೊರತರುತ್ತಿರುವ ವರದಿಗಳು ಸರ್ಕಾರಕ್ಕೆ ಸದಾ ಪ್ರಿಯವಾಗುವಂಥವೇನಲ್ಲ.

ಇತ್ತೀಚಿನ ವರ್ಷಗಳಲ್ಲಿ ದತ್ತಿಯ ಗಾತ್ರ ಬೆಳೆದಂತೆ ಕೆಲಸದ ಸ್ವರೂಪವೂ ಬದಲಾಗಿದೆ. ಕರ್ನಾಟಕದ ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಬಿಸಿಯೂಟದಲ್ಲಿ ವಾರಕ್ಕೆ ಎರಡು ದಿನ ಸಿಗುತ್ತಿದ್ದ ಮೊಟ್ಟೆಯನ್ನು ಆರು ದಿನಕ್ಕೆ ವಿಸ್ತರಿಸಲು ಫೌಂಡೇಶನ್ ಮೂರು ವರ್ಷಗಳಿಗೆ ಸುಮಾರು 1,500 ಕೋಟಿ ರೂಪಾಯಿ ಕೊಡುವ ಒಪ್ಪಂದಕ್ಕೆ 2024ರ ಜುಲೈನಲ್ಲಿ ಸಹಿ ಬಿತ್ತು; ಒಂದರಿಂದ ಹತ್ತನೆಯ ತರಗತಿಯವರೆಗಿನ ಸುಮಾರು 55 ಲಕ್ಷ ಮಕ್ಕಳು ಇದರ ಫಲಾನುಭವಿಗಳು. ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು. ಕೆಲವೇ ವರ್ಷ ಹಿಂದೆ ಶಾಲೆಯಲ್ಲಿ ಮೊಟ್ಟೆ ಕೊಡಬಾರದೆಂದು ಕೆಲವು ಮಠಾಧೀಶರು ಎತ್ತಿದ ವಿರೋಧಕ್ಕೆ ಸರ್ಕಾರ ತಡಬಡಾಯಿಸಿದ್ದ ರಾಜ್ಯದಲ್ಲಿ ಇದು ಸಣ್ಣ ತೀರ್ಮಾನವಲ್ಲ. ಸರ್ಕಾರಿ ಶಾಲೆಯಲ್ಲಿ ಓದಿ ಪದವಿಗೆ ಸೇರುವ ಹೆಣ್ಣುಮಕ್ಕಳಿಗೆ ವರ್ಷಕ್ಕೆ 30,000 ರೂಪಾಯಿಯ ವಿದ್ಯಾರ್ಥಿವೇತನವೂ ಈಗ ಹಲವು ರಾಜ್ಯಗಳಲ್ಲಿದೆ. ಇವೆಲ್ಲ ಸರ್ಕಾರವೇ ಮಾಡಬೇಕಾದ ಕೆಲಸಗಳಲ್ಲವೇ ಎಂಬ ಪ್ರಶ್ನೆ ಸರಿಯಾದದ್ದೇ. ಆದರೆ ಯಾದಗಿರಿಯ ಮಗುವಿನ ಪ್ರೋಟೀನ್ ಕೊರತೆ ಆ ಚರ್ಚೆ ಮುಗಿಯುವವರೆಗೆ ಕಾಯುವುದಿಲ್ಲ.

ಶಿಕ್ಷಣಕ್ಕೆ ಹೋಲಿಸಿದರೆ ಪತ್ರಿಕೋದ್ಯಮಕ್ಕೆ ಹೋದ ಹಣ ತೀರ ಚಿಕ್ಕದು, ಆದರೆ ಪ್ರಶ್ನೆಗಳು ಅಲ್ಲೇ ಹೆಚ್ಚು. ಉಳ್ಳವರು ಬರಹವನ್ನು ಪೋಷಿಸುವುದು ಕನ್ನಡ ನಾಡಿಗೆ ಹೊಸದಲ್ಲ. ಪೊನ್ನನ ಶಾಂತಿಪುರಾಣದ ಸಾವಿರ ಓಲೆ ಪ್ರತಿಗಳನ್ನು ಮಾಡಿಸಿ ಹಂಚಿದ ದಾನಚಿಂತಾಮಣಿ ಅತ್ತಿಮಬ್ಬೆಯನ್ನು ಕನ್ನಡಿಗರು ಸಾವಿರ ವರ್ಷದಿಂದ ನೆನೆಯುತ್ತಿದ್ದಾರೆ. ಆಧುನಿಕ ಕಾಲದಲ್ಲಿ 'ಪ್ರಜಾವಾಣಿ'ಯನ್ನು 1948ರಲ್ಲಿ ಆರಂಭಿಸಿದ ಕೆ. ಎನ್. ಗುರುಸ್ವಾಮಿ ಅವರು ಅಬಕಾರಿ ಗುತ್ತಿಗೆಯಿಂದ ಹಣ ಗಳಿಸಿದವರು. ಆದರೆ ಅಲ್ಲಿ ಹಣ ಹೂಡಿದವರೇ ಪತ್ರಿಕೆಯ ಒಡೆಯರು. ಅಮೆಜಾನ್‌ನ ಜೆಫ್ ಬೆಜೋಸ್ 2013ರಲ್ಲಿ 25 ಕೋಟಿ ಡಾಲರ್ ಕೊಟ್ಟು 'ವಾಷಿಂಗ್ಟನ್ ಪೋಸ್ಟ್' ಕೊಂಡದ್ದೂ ಅದೇ ಜಾತಿಯ ವ್ಯವಹಾರ. ಇದಕ್ಕೆ ಪ್ರತಿಯಾಗಿ, ಉಚಿತ ವರ್ಗೀಕೃತ ಜಾಹೀರಾತಿನ ಜಾಲತಾಣದಿಂದ ಅಮೆರಿಕದ ಊರೂರಿನ ಪತ್ರಿಕೆಗಳ ಆದಾಯಕ್ಕೆ ಕತ್ತರಿ ಹಾಕಿದ ಕ್ರೇಗ್ ನ್ಯೂಮಾರ್ಕ್, ಗಳಿಸಿದ ಹಣದಲ್ಲಿ 2018ರಲ್ಲಿ 2 ಕೋಟಿ ಡಾಲರನ್ನು ನ್ಯೂಯಾರ್ಕಿನ ಪತ್ರಿಕೋದ್ಯಮ ಶಾಲೆಯೊಂದಕ್ಕೆ ಕೊಟ್ಟರು. ಅಲ್ಲಿ ಒಡೆತನವಿಲ್ಲ, ಪರಿಹಾರದ ಛಾಯೆ ಇದೆ.

ಭಾರತದ ಪತ್ರಿಕೆಗಳು ಮುದ್ರಣದ ಖರ್ಚಿಗಿಂತ ಕಡಿಮೆ ಬೆಲೆಗೆ ಮಾರಾಟವಾಗಿ, ಉಳಿದುದನ್ನು ಜಾಹೀರಾತಿನಿಂದ ತುಂಬಿಕೊಳ್ಳುತ್ತವೆ. ಜಾಹೀರಾತು ಕೊಡುವ ಸರ್ಕಾರ ಮತ್ತು ಕಂಪನಿಗಳ ಬಗ್ಗೆಯೇ ತನಿಖಾ ವರದಿ ಬರೆಯಬೇಕಾದಾಗ ಈ ವ್ಯವಸ್ಥೆ ಎಲ್ಲಿ ಒತ್ತುತ್ತದೆಂಬುದು ಯಾರಿಗಾದರೂ ಹೊಳೆಯುವ ಸಂಗತಿ. ಗಾಂಧೀಜಿ ಭಾರತದಲ್ಲಿ ನಡೆಸಿದ ತಮ್ಮ ಪತ್ರಿಕೆಗಳಲ್ಲಿ ಜಾಹೀರಾತನ್ನೇ ಹಾಕುತ್ತಿರಲಿಲ್ಲ. ಈ ಒತ್ತಡದಿಂದ ಒಂದಿಷ್ಟು ಬಿಡುಗಡೆ ಒದಗಿಸುವ ಉದ್ದೇಶದಿಂದ 2015ರಲ್ಲಿ ಬೆಂಗಳೂರಿನಲ್ಲಿ ಇಂಡಿಪೆಂಡೆಂಟ್ ಆ್ಯಂಡ್ ಪಬ್ಲಿಕ್ ಸ್ಪಿರಿಟೆಡ್ ಮೀಡಿಯಾ ಫೌಂಡೇಶನ್ ಎಂಬ ಸಾರ್ವಜನಿಕ ಧರ್ಮಾರ್ಥ ಟ್ರಸ್ಟ್ ಸ್ಥಾಪನೆಯಾಯಿತು. ಐದು ವರ್ಷಗಳಿಗೆ 100 ಕೋಟಿ ರೂಪಾಯಿಯ ವಾಗ್ದಾನದೊಂದಿಗೆ ಹೊರಟ ಇದರ ಪ್ರಮುಖ ದಾನಿಗಳಲ್ಲಿ ಪ್ರೇಮ್‌ಜಿಯವರೊಂದಿಗೆ, ಮೊದಲು ಪತ್ರಕರ್ತೆಯಾಗಿದ್ದು ಇನ್ಫೋಸಿಸ್‌ನ ಷೇರುಗಳಿಂದ ಶ್ರೀಮಂತರಾದ ರೋಹಿಣಿ ನಿಲೇಕಣಿ, ಬಯೋಕಾನ್‌ನ ಕಿರಣ್ ಮಜುಂದಾರ್ ಷಾ ಮುಂತಾದವರಿದ್ದರು. ಹಿರಿಯ ಸಂಪಾದಕ ಟಿ. ಎನ್. ನೈನನ್ ಅಧ್ಯಕ್ಷತೆಯ ಧರ್ಮದರ್ಶಿ ಮಂಡಳಿಯೇ ಯಾರಿಗೆ ಅನುದಾನ ಎಂಬುದನ್ನು ತೀರ್ಮಾನಿಸುತ್ತಿತ್ತು; ದಾನಿಗೂ ಸಂಪಾದಕನಿಗೂ ನಡುವೆ ಹೀಗೆ ಒಂದು ಅಡ್ಡಗೋಡೆ ಎದ್ದಿತು. 'ದಿ ವೈರ್', 'ಕ್ಯಾರವಾನ್', ಸುಳ್ಳುಸುದ್ದಿಗಳ ಬೆನ್ನು ಹತ್ತುವ 'ಆಲ್ಟ್ ನ್ಯೂಸ್'ಗಳಿಗೂ, ಅವಕ್ಕೆ ತದ್ವಿರುದ್ಧ ನಿಲುವಿನ 'ಸ್ವರಾಜ್ಯ'ಕ್ಕೂ, 'ದಿ ಪ್ರಿಂಟ್'ಗೂ ನೆರವು ಹೋಯಿತು. ದಾನಿಗಳ ರಾಜಕೀಯ ಒಲವನ್ನು ಈ ಪಟ್ಟಿಯಿಂದ ಊಹಿಸಹೊರಟವರಿಗೆ ನಿರಾಶೆಯಾಗುತ್ತದೆ, ಮತ್ತು ಹಾಗಾಗುವುದೇ ಅಡ್ಡಗೋಡೆ ಕೆಲಸ ಮಾಡುತ್ತಿದೆ ಎನ್ನುವುದಕ್ಕೆ ಗುರುತು.

ಅಡ್ಡಗೋಡೆ ಇದ್ದ ಮಾತ್ರಕ್ಕೆ ತೊಂದರೆ ತಪ್ಪಲಿಲ್ಲ. 2022ರ ಸೆಪ್ಟೆಂಬರ್ 7ರಂದು ಆದಾಯ ತೆರಿಗೆ ಅಧಿಕಾರಿಗಳು ಟ್ರಸ್ಟಿನ ಬೆಂಗಳೂರು ಕಚೇರಿಯಲ್ಲಿ, ಅದೇ ದಿನ ದೆಹಲಿಯ ಸೆಂಟರ್ ಫಾರ್ ಪಾಲಿಸಿ ರಿಸರ್ಚ್ ಮತ್ತು ಆಕ್ಸ್‌ಫ್ಯಾಮ್ ಇಂಡಿಯಾಗಳಲ್ಲಿ ನಡೆಸಿದಂತೆ, ಸರ್ವೆ ನಡೆಸಿದರು. ತೆರಿಗೆ ಕಾನೂನಿನಲ್ಲಿ ಸರ್ವೆ ಎಂದರೆ ವ್ಯವಹಾರದ ಸ್ಥಳಕ್ಕೆ ಬಂದು ಲೆಕ್ಕಪತ್ರ ಪರಿಶೀಲಿಸುವುದು. ಮನೆಗಳನ್ನೂ ಶೋಧಿಸಬಹುದಾದ ದಾಳಿಗಿಂತ ಇದು ಕೆಳಗಿನ ಹಂತ. ಸುದ್ದಿಗೆ ಕೊಟ್ಟ ದಾನ ಧರ್ಮಕಾರ್ಯವೇ ಎಂಬ ಪ್ರಶ್ನೆಗೆ ಬೇರೂ ಕರ್ನಾಟಕದಲ್ಲೇ ಇದೆ ಎಂಬುದು ಕುತೂಹಲಕರ. ಹುಬ್ಬಳ್ಳಿಯಿಂದ 'ಸಂಯುಕ್ತ ಕರ್ನಾಟಕ'ವನ್ನು ನಡೆಸುತ್ತಿದ್ದ ಲೋಕಶಿಕ್ಷಣ ಟ್ರಸ್ಟ್, ಜನರಿಗೆ ತಿಳಿವಳಿಕೆ ಕೊಡುವುದೂ ಶಿಕ್ಷಣವೇ ಆದ್ದರಿಂದ ತನಗೆ ತೆರಿಗೆ ವಿನಾಯಿತಿ ಬೇಕೆಂದು ವಾದಿಸಿತ್ತು. 1975ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಒಪ್ಪಲಿಲ್ಲ: ಕಾನೂನಿನ ಅರ್ಥದಲ್ಲಿ ಶಿಕ್ಷಣವೆಂದರೆ ಶಾಲೆಯಲ್ಲಿ ನಡೆಯುವಂಥ ಕ್ರಮಬದ್ಧ ಬೋಧನೆ, ಪತ್ರಿಕೆ ಓದಿ ತಿಳಿಯುವುದು ಆ ವ್ಯಾಪ್ತಿಗೆ ಬರುವುದಿಲ್ಲ, ಮೇಲಾಗಿ ಪತ್ರಿಕೆಯ ಪ್ರಕಟಣೆ ಲಾಭದ ಚಟುವಟಿಕೆ ಎಂದು ಅದು ತೀರ್ಪಿತ್ತಿತು. ಶಿಕ್ಷಕನಿಗೆ ಕೊಟ್ಟ ರೂಪಾಯಿಗೂ ವರದಿಗಾರನಿಗೆ ಕೊಟ್ಟ ರೂಪಾಯಿಗೂ ಕಾನೂನಿನ ಕಣ್ಣಿನಲ್ಲಿ ಇರುವ ಈ ವ್ಯತ್ಯಾಸವು, ಇಂದಿಗೂ ಮಾಧ್ಯಮಕ್ಕೆ ಕೊಡಬಯಸುವವರ ದಾರಿಯನ್ನು ಇಕ್ಕಟ್ಟಾಗಿಸಿದೆ.

ಪ್ರೇಮ್‌ಜಿಯವರು 2019ರ ಜುಲೈ ಕೊನೆಯಲ್ಲಿ ವಿಪ್ರೊದ ಕಾರ್ಯನಿರ್ವಾಹಕ ಹುದ್ದೆಯಿಂದ ನಿವೃತ್ತರಾಗಿ ಮಗ ರಿಷದ್ ಅಧ್ಯಕ್ಷರಾದರೂ, ಷೇರುಗಳಲ್ಲಿ ಶೇ. 70ಕ್ಕೂ ಹೆಚ್ಚು ಪಾಲು ಪ್ರವರ್ತಕರ ಗುಂಪಿನ ಲೆಕ್ಕದಲ್ಲೇ ಇದೆ. ಹಣವನ್ನು ಬಿಟ್ಟುಕೊಟ್ಟವರು ಹತೋಟಿಯನ್ನು ಬಿಟ್ಟುಕೊಟ್ಟಿಲ್ಲ ಎಂಬುದಕ್ಕೆ ಇದು ಸಾಕ್ಷಿ. ಬೆಂಗಳೂರಿನ ಹೊರ ವರ್ತುಲ ರಸ್ತೆಯ ಸಂಚಾರ ದಟ್ಟಣೆ ತಗ್ಗಿಸಲು ಸರ್ಜಾಪುರ ರಸ್ತೆಯ ವಿಪ್ರೊ ಆವರಣದ ಮೂಲಕ ವಾಹನಗಳಿಗೆ ಸೀಮಿತ ಅವಕಾಶ ಕೊಡಬೇಕೆಂದು ಮುಖ್ಯಮಂತ್ರಿ ಸಿದ್ದರಾಮಯ್ಯ 2025ರ ಸೆಪ್ಟೆಂಬರಿನಲ್ಲಿ ಪತ್ರ ಬರೆದಾಗ, ಅದು ಷೇರುಪೇಟೆಯಲ್ಲಿ ನೋಂದಾಯಿತವಾದ ಕಂಪನಿಯ ಖಾಸಗಿ ಸ್ವತ್ತು, ವಿಶೇಷ ಆರ್ಥಿಕ ವಲಯವಾದ್ದರಿಂದ ಪ್ರವೇಶ ನಿರ್ಬಂಧವಿದೆ ಎಂದು ಪ್ರೇಮ್‌ಜಿ ನಯವಾಗಿ ನಿರಾಕರಿಸಿ, ಬದಲಿಗೆ ಸಂಚಾರ ಸಮಸ್ಯೆಯ ತಜ್ಞ ಅಧ್ಯಯನದ ಖರ್ಚಿನಲ್ಲಿ ಗಣನೀಯ ಪಾಲು ಭರಿಸುವುದಾಗಿ ತಿಳಿಸಿದರು. ಲಕ್ಷ ಕೋಟಿ ಕೊಟ್ಟವರು ರಸ್ತೆ ಕೊಡಲಿಲ್ಲವೆಂದು ನಗೆಯಾಡಿದವರೂ ಇದ್ದರು. ವಾಸ್ತವದಲ್ಲಿ ಎರಡೂ ವರ್ತನೆಗಳು ಒಂದೇ ಶಿಸ್ತಿನವು: ಸ್ವಂತದ್ದನ್ನು ಕೊಡಬಹುದು, ಕಂಪನಿಯದ್ದನ್ನು ಇತರ ಷೇರುದಾರರ ಪರವಾಗಿ ಕಾಯಬೇಕು.

ದತ್ತಿಯ ಆದಾಯ ಬರುವುದು ವಿಪ್ರೊದ ಲಾಭಾಂಶದಿಂದ, ಕಂಪನಿ ಆಗಾಗ ತನ್ನದೇ ಷೇರುಗಳನ್ನು ಮರಳಿ ಕೊಳ್ಳುವಾಗ ಸಿಗುವ ಹಣದಿಂದ, ಮತ್ತು ಪ್ರೇಮ್‌ಜಿ ಇನ್ವೆಸ್ಟ್ ಎಂಬ ಹೂಡಿಕೆ ಸಂಸ್ಥೆ ಬೇರೆ ಕಂಪನಿಗಳಲ್ಲಿ ತೊಡಗಿಸಿದ ಬಂಡವಾಳದಿಂದ. ದೇಶದ ಸಾಫ್ಟ್‌ವೇರ್ ಸೇವೆಯಲ್ಲಿ ಒಂದು ಕಾಲಕ್ಕೆ ಮೂರನೆಯ ಸ್ಥಾನದಲ್ಲಿದ್ದ ವಿಪ್ರೊವನ್ನು ಎಚ್‌ಸಿಎಲ್ ಹಿಂದಿಕ್ಕಿದೆ. ಕೃತಕ ಬುದ್ಧಿಮತ್ತೆಯಿಂದ ಈ ಉದ್ಯಮಕ್ಕೆ ಬಂದಿರುವ ಅನಿಶ್ಚಯವೂ ಕಡಿಮೆಯದಲ್ಲ. ಅಮೆರಿಕದ ಬ್ಯಾಂಕೊಂದು ತನ್ನ ತಂತ್ರಾಂಶದ ಖರ್ಚು ತಗ್ಗಿಸಿದಾಗ ಅದರ ಪರಿಣಾಮ ಸುತ್ತಿಬಳಸಿ ಯಾದಗಿರಿ ಜಿಲ್ಲೆಯ ಸುರಪುರದ ಶಾಲೆಯವರೆಗೆ ಬರಬಹುದಾದಂಥ ಹೊಂದಿಕೆ ಇದು; ಹೂಡಿಕೆಯನ್ನು ಆಸ್ಪತ್ರೆ, ಬ್ಯಾಂಕು, ಚಿಲ್ಲರೆ ವ್ಯಾಪಾರಗಳಂಥ ಬೇರೆ ಬೇರೆ ಕ್ಷೇತ್ರಗಳಿಗೆ ಹರಡುವ ಕೆಲಸ ಪ್ರೇಮ್‌ಜಿ ಇನ್ವೆಸ್ಟ್‌ನಲ್ಲಿ ಹಲವು ವರ್ಷಗಳಿಂದ ನಡೆದಿರುವುದು ಅದಕ್ಕಾಗಿಯೇ.